ಡಿಸ್ನಿ ವರ್ಲ್ಡ್ ಮೊದಲಿನ ಹಾಗಿಲ್ಲವಂತೆ, ಹೌದಾ?

ನಾವು ಫ್ಲೋರಿಡಾಕ್ಕೆ ಬಂದು ಹತ್ತೊಂಬತ್ತು ವರ್ಷ ಆಯಿತು. ಮನೆ ಇರುವುದು ಟ್ಯಾಂಪಾದಲ್ಲಿ. ಇಲ್ಲಿಂದ ಒರ್ಲ್ಯಾಂಡೊ ಹತ್ತಿರದ ಡಿಸ್ನಿ ವರ್ಲ್ಡ್‌ಗೆ ಕಾರಿನಲ್ಲಿ ಒಂದೂಕಾಲು ಗಂಟೆ ದಾರಿ. ಹಾಗಾಗಿ ಊರಿಂದ ಯಾರೇ ಬರುವುದಿದ್ದರೂ ವಿಮಾನದ ಟಿಕೆಟ್ ಆದ ತಕ್ಷಣ ನನಗೊಂದು ಫೋನ್ ಬರುತ್ತದೆ. ಮೊದಲೆಲ್ಲ "ಎಷ್ಟು ದಿನ ಬೇಕು ನೋಡೋಕೆ?" ಎಂದು ಕೇಳುತ್ತಿದ್ದರು. ನಾಲ್ಕೈದು ವರ್ಷದಿಂದ ಪ್ರಶ್ನೆಯೇ ಬೇರೆ ಆಗಿದೆ. ಹೋದ ತಿಂಗಳು ಮೈಸೂರಿನಿಂದ ನಾದಿನಿ ಕೇಳಿದ್ದೂ ಅದನ್ನೇ. "ಅತ್ತಿಗೆ, ಡಿಸ್ನಿ ಈಗ ಮೊದಲಿನ ಹಾಗಿಲ್ಲವಂತೆ. ರೇಟು ಸಿಕ್ಕಾಪಟ್ಟೆ ಏರಿಸಿದ್ದಾರಂತೆ. ಮಕ್ಕಳನ್ನ ಕರ್ಕೊಂಡು ಹೋದ್ರೆ ದುಡ್ಡು ದಂಡ ಆಗುತ್ತಾ?"

ಫೋನಿನಲ್ಲಿ ಹತ್ತು ನಿಮಿಷಕ್ಕೆ ಹೇಳಿ ಮುಗಿಸುವ ವಿಷಯ ಅಲ್ಲ ಇದು. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮುಂದೆ ಕೇಳುವವರಿಗೂ ಇದನ್ನೇ ಕಳಿಸುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ. ಮೊದಲ ಸಲ ಬರುತ್ತಿದ್ದರೆ ಹೋಗಿ, ದುಡ್ಡು ದಂಡ ಆಗಲ್ಲ. ರೈಡ್‌ಗಳು, ರಾತ್ರಿಯ ಬಾಣಬಿರುಸು, ನೆಲದ ಮೇಲೆ ಒಂದು ಕಾಗದದ ಚೂರೂ ಕಾಣದಂಥ ಸ್ವಚ್ಛತೆ, ಇವೆಲ್ಲ ಈಗಲೂ ಚೆನ್ನಾಗಿವೆ. ಆದರೆ ಅಲ್ಲಿ ಮೊದಲು ಒಂದು ನೆಮ್ಮದಿ ಇತ್ತು. ಸುಮ್ನೆ ಹೋಗಿ, ಸುಮ್ನೆ ತಿರುಗಾಡಿ, ಕಾಲು ನೋವು ಬಂದಾಗ ಸುಮ್ನೆ ಕೂತು ಬರಬಹುದಿತ್ತು. ಆ ನೆಮ್ಮದಿ ಕಮ್ಮಿಯಾಗಿದೆ. ನನಗೆ ನಿಜವಾಗಿ ಬೇಜಾರಾಗುವುದು ಅದಕ್ಕೆ.

ದುಡ್ಡಿನ ವಿಷಯ ಮೊದಲು ನೋಡೋಣ. ಡಿಸ್ನಿ ವರ್ಲ್ಡ್ ಅಂದರೆ ಒಂದು ಪಾರ್ಕ್ ಅಲ್ಲ. ಸುಮಾರು 100 ಚದರ ಕಿಲೋಮೀಟರ್ ಜಾಗದಲ್ಲಿ ನಾಲ್ಕು ಪಾರ್ಕ್‌ಗಳಿವೆ. ಮ್ಯಾಜಿಕ್ ಕಿಂಗ್‌ಡಮ್, ಎಪ್ಕಾಟ್, ಹಾಲಿವುಡ್ ಸ್ಟುಡಿಯೋಸ್, ಅನಿಮಲ್ ಕಿಂಗ್‌ಡಮ್. ಒಂದೊಂದಕ್ಕೂ ಒಂದು ಇಡೀ ದಿನ ಬೇಕು. 1971ರ ಅಕ್ಟೋಬರ್ 1ರಂದು ಮ್ಯಾಜಿಕ್ ಕಿಂಗ್‌ಡಮ್ ಬಾಗಿಲು ತೆರೆದಾಗ ದೊಡ್ಡವರಿಗೆ ಪ್ರವೇಶ ಮೂರೂವರೆ ಡಾಲರ್. ರೈಡ್‌ಗಳಿಗೆ ಬೇರೆ ಚೀಟಿ ಪುಸ್ತಕ ಕೊಳ್ಳಬೇಕಿತ್ತು. 1982ರಲ್ಲಿ ಎಪ್ಕಾಟ್ ಶುರುವಾದ ಹೊತ್ತಿಗೆ ಆ ಚೀಟಿ ಪದ್ಧತಿ ಹೋಯಿತು. ಒಂದು ದಿನಕ್ಕೆ 15 ಡಾಲರ್ ಕೊಟ್ಟರೆ ಎಲ್ಲವೂ ಸೇರಿತು ಎಂದಾಯಿತು. ಬೆಲೆ ಏರಿಕೆ ಸೇರಿಸಿದರೆ ಆ 15 ಡಾಲರ್ ಇವತ್ತಿನ ಲೆಕ್ಕದಲ್ಲಿ 50ರ ಆಸುಪಾಸು. ಆದರೆ ಇವತ್ತಿನ ರೇಟು 50 ಇಲ್ಲ. 2015ರಲ್ಲೇ ಅದು 100 ದಾಟಿತು. 2018ರಿಂದ ತಾರೀಖು ನೋಡಿ ರೇಟು ಹಾಕುತ್ತಾರೆ. 2025ರಲ್ಲಿ ಜನ ಕಡಿಮೆ ಇರುವ ದಿನಗಳಲ್ಲಿ 119 ಡಾಲರ್‌ನಿಂದ ಶುರು. ಕ್ರಿಸ್‌ಮಸ್ ಸಮಯದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ 199.

ನಾಲ್ಕು ಜನರ ಸಂಸಾರ, ಮಧ್ಯಮ ರೇಟಿನ ಒಂದು ದಿನ, ತಲೆಗೆ 160 ಎಂದು ಹಿಡಿದರೆ 640 ಡಾಲರ್. ಟ್ಯಾಕ್ಸ್ ಬೇರೆ, ಪಾರ್ಕಿಂಗ್ ಬೇರೆ. ನಮ್ಮ ದುಡ್ಡಲ್ಲಿ 55 ಸಾವಿರದ ಹತ್ತಿರ, ಅದೂ ಗೇಟು ದಾಟುವುದಕ್ಕೆ ಮಾತ್ರ. ಮೂರು ನಾಲ್ಕು ದಿನದ ಟಿಕೆಟ್ ಒಟ್ಟಿಗೆ ತಗೊಂಡರೆ ದಿನದ ಲೆಕ್ಕ ಇಳಿಯುತ್ತದೆ ನಿಜ. ಆದರೂ ನಾದಿನಿ ಹೌಹಾರಿದ್ದರಲ್ಲಿ ತಪ್ಪೇನಿದೆ?

ಆದರೆ ರೇಟಿಗಿಂತ ಹೆಚ್ಚಾಗಿ ಇಲ್ಲಿನ ಜನರನ್ನು ನೋಯಿಸಿದ್ದು ಸಾಲಿನ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2007ರಲ್ಲಿ ನಾವು ಮೊದಲ ಸಲ ಹೋದಾಗ ಮಗಳಿಗೆ ನಾಲ್ಕು ವರ್ಷ. ಆಗ ಫಾಸ್ಟ್‌ಪಾಸ್ ಅಂತ ಇತ್ತು, 1999ರಲ್ಲಿ ತಂದಿದ್ದು. ರೈಡ್ ಮುಂದೆ ಸಾಲಾಗಿ ಮಷೀನುಗಳು. ನಮ್ಮ ಪ್ರವೇಶದ ಟಿಕೆಟ್ ತೂರಿಸಿದರೆ ಕೆಳಗಿನಿಂದ ಒಂದು ಚಿಕ್ಕ ಚೀಟಿ ಬರುತ್ತಿತ್ತು. ಅದರ ಮೇಲೆ ಮತ್ತೆ ಬರಬೇಕಾದ ಟೈಮು. ಆ ಹೊತ್ತಿಗೆ ಬಂದರೆ ಚಿಕ್ಕ ಸಾಲಿನಲ್ಲಿ ಒಳಗೆ ಬಿಡುತ್ತಿದ್ದರು. ಒಂದು ಪೈಸೆ ಇಲ್ಲ. ನಾಲ್ಕು ಜನರ ಚೀಟಿಯನ್ನೂ ಮಗಳೇ ಇಟ್ಟುಕೊಳ್ಳಬೇಕು ಎಂದು ಹಟ. ಅಂಗೈಯಲ್ಲಿ ಹಿಡಿದು ಹಿಡಿದು, ಬೆವರಿಗೆ ಚೀಟಿ ಮೆತ್ತಗಾಗಿ ಮುದುರಿಹೋಗಿತ್ತು. ಬಾಗಿಲಲ್ಲಿದ್ದ ಅಜ್ಜಿ ವಯಸ್ಸಿನ ಸಿಬ್ಬಂದಿ ಅದನ್ನು ಒಂದೊಂದಾಗಿ ಬಿಡಿಸಿ, ಓದಿ, ತಲೆಬಾಗಿ ಅವಳನ್ನು ಒಳಗೆ ಬಿಟ್ಟರು. ಆ ಚೀಟಿಗಳಲ್ಲಿ ಒಂದು ನನ್ನ ಹತ್ತಿರ ಇನ್ನೂ ಇದೆ, ಅಕ್ಷರ ಮಾತ್ರ ಅಳಿಸಿಹೋಗಿದೆ.

ಆಮೇಲೆ ಅದು ಕೈಗೆ ಕಟ್ಟುವ ಬ್ಯಾಂಡ್‌ಗೂ ಫೋನಿಗೂ ಬಂತು. ಆಗಲೂ ಉಚಿತವೇ. 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ಪಾರ್ಕ್ ಮುಚ್ಚಿತು. ಮತ್ತೆ ತೆರೆದಾಗ ಫಾಸ್ಟ್‌ಪಾಸ್ ಇರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಜೀನಿ ಪ್ಲಸ್ ಅಂತ ತಂದರು, ತಲೆಗೆ ದಿನಕ್ಕೆ 15 ಡಾಲರ್. ಮೊದಲು ಟಿಕೆಟ್ ಜೊತೆಗೇ ಸಿಗುತ್ತಿದ್ದದ್ದಕ್ಕೆ ಈಗ ಬೇರೆ ದುಡ್ಡು. 2024ರಲ್ಲಿ ಅದರ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್ ಆಯಿತು. ಲೈಟ್ನಿಂಗ್ ಲೇನ್ ಅಂದರೆ ದುಡ್ಡು ಕೊಟ್ಟವರ ಚಿಕ್ಕ ಸಾಲು. ರಶ್ ಇರುವ ದಿನ ಅದರ ರೇಟು ಇನ್ನೂ ಮೇಲೆ. ತುಂಬ ಬೇಡಿಕೆಯ ರೈಡ್‌ಗಳನ್ನು ಅದರಿಂದಲೂ ಹೊರಗಿಟ್ಟು, ಒಂದೊಂದಕ್ಕೂ ಬಿಡಿಯಾಗಿ ಮಾರುತ್ತಾರೆ. ಅದೇ ವರ್ಷ ಪ್ರೀಮಿಯರ್ ಪಾಸ್ ಅಂತ ಇನ್ನೊಂದು ಬಂತು. ಟೈಮು ನೋಡುವ ಹಂಗಿಲ್ಲದೆ, ಲೈಟ್ನಿಂಗ್ ಲೇನ್ ಇರುವ ಪ್ರತಿ ರೈಡಿಗೂ ಒಂದು ಸಲ ನೇರ ಹೋಗಬಹುದು. ರಶ್ ದಿನದಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ಗೆ ಅದರ ರೇಟು ತಲೆಗೆ 449 ಡಾಲರ್‌ವರೆಗೆ. ಪ್ರವೇಶದ ಟಿಕೆಟ್ ಬಿಟ್ಟು!

ತಿರುಪತಿಗೆ ಹೋದವರಿಗೆ ಇದು ಬೇಗ ಅರ್ಥ ಆಗುತ್ತದೆ. 300 ರೂಪಾಯಿ ದರ್ಶನದ ಸಾಲು, ಧರ್ಮದರ್ಶನದ ಸಾಲು ಎರಡೂ ಮುಂದೆಲ್ಲೋ ಸೇರುತ್ತವೆ. ಇಲ್ಲೂ ಹಾಗೆಯೇ. ಒಂದು ರೈಡ್ ಗಂಟೆಗೆ ಇಷ್ಟೇ ಜನರನ್ನು ಕೂರಿಸಲು ಆಗುವುದು. ಎರಡು ಸಾಲು ಸೇರುವ ಜಾಗದಲ್ಲಿ ದುಡ್ಡು ಕೊಟ್ಟವರ ಕಡೆಯಿಂದ ಜಾಸ್ತಿ ಜನರನ್ನು ಬಿಡುತ್ತಾರೆ. ಆಗ ಈ ಕಡೆಯ ಸಾಲು ನಿಂತಲ್ಲೇ ನಿಲ್ಲುತ್ತದೆ. ಅಂದರೆ ನಾನು ಕೊಂಡ ಅರ್ಧ ಗಂಟೆ, ಬಿಸಿಲಲ್ಲಿ ಮಗುವನ್ನು ಎತ್ತಿಕೊಂಡು ನಿಂತ ಇನ್ನೊಬ್ಬ ತಾಯಿಯ ಅರ್ಧ ಗಂಟೆ. ಮೊದಲು ಎಲ್ಲರಿಗೂ ಒಂದೇ ಚೀಟಿ ಇತ್ತು. ಇದು ನನಗೆ ಸರಿ ಕಾಣುವುದಿಲ್ಲ.

ಇದರ ಜೊತೆಗೆ ಹೋದದ್ದು ಇನ್ನೂ ಇವೆ. ಡಿಸ್ನಿ ಹೋಟೆಲಿನಲ್ಲಿ ಉಳಿದವರಿಗೆ ಏರ್‌ಪೋರ್ಟ್‌ನಿಂದ ಉಚಿತ ಬಸ್ ಇತ್ತು, 2005ರಿಂದ. 2022ರ ಜನವರಿಗೆ ಅದನ್ನು ನಿಲ್ಲಿಸಿದರು. ಊರಿಂದ ಎರಡೆರಡು ದೊಡ್ಡ ಸೂಟ್‌ಕೇಸ್ ಎಳೆದುಕೊಂಡು ಬರುವ ನಮ್ಮವರಿಗೆ ಅದೆಷ್ಟು ಅನುಕೂಲವಾಗಿತ್ತು. ಕೆಲವು ತಪ್ಪು ತಿದ್ದಿಕೊಂಡಿದ್ದಾರೆ, ಅದನ್ನೂ ಹೇಳಬೇಕು. ಹೋಟೆಲಿನಲ್ಲಿ ರಾತ್ರಿ ಕಾರು ನಿಲ್ಲಿಸಲು 2018ರಲ್ಲಿ ಹಾಕಿದ್ದ ಶುಲ್ಕವನ್ನು 2023ರಲ್ಲಿ ತೆಗೆದರು. ಟಿಕೆಟ್ ಇದ್ದರೂ ಯಾವ ಪಾರ್ಕ್ ಎಂದು ಬೇರೆ ಬುಕ್ ಮಾಡಬೇಕಿದ್ದ ಕಿರಿಕಿರಿ 2024ರ ಜನವರಿಯಿಂದ ಬಹುಪಾಲು ಹೋಯಿತು. ಕಂಪನಿಯ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ 2023ರಲ್ಲಿ, ಲಾಭದ ಉತ್ಸಾಹದಲ್ಲಿ ರೇಟಿನ ವಿಷಯದಲ್ಲಿ ಸ್ವಲ್ಪ ಅತಿಯಾಗಿ ಹೋಗಿರಬಹುದು ಎಂಬ ಅರ್ಥದ ಮಾತಾಡಿದ್ದರು.

ಇನ್ನು ಗುಣಮಟ್ಟ. "ಎಲ್ಲಾ ಹಾಳಾಯ್ತು" ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಅನಿಮಲ್ ಕಿಂಗ್‌ಡಮ್‌ನಲ್ಲಿ ಎಕ್ಸ್‌ಪೆಡಿಶನ್ ಎವರೆಸ್ಟ್ ಅಂತ ಒಂದು ರೈಡ್ ಇದೆ, 2006ರದ್ದು. ಅದರೊಳಗೆ ಒಂದು ದೈತ್ಯ ಯೇತಿ, ಅಂದರೆ ಹಿಮಮಾನವನ ಯಂತ್ರದ ಗೊಂಬೆ. ಕೈ ಬೀಸಿ ನಮ್ಮ ಮೇಲೆ ಎರಗುವ ಹಾಗೆ ಮಾಡಿದ್ದರು. ಶುರುವಾಗಿ ಕೆಲವೇ ತಿಂಗಳಲ್ಲಿ ಅದು ಅಲುಗಾಡುವುದು ನಿಂತಿತು. ಅಂದಿನಿಂದ ದೀಪ ಮಿಣುಕಿಸಿಯೇ ಕೆಲಸ ನಡೆಸುತ್ತಿದ್ದಾರೆ. ಜನ ಬಂಗಾರದ ಕಾಲ ಅನ್ನುವ ದಿನಗಳಲ್ಲೇ ಆದ ಕಥೆ ಇದು. ಕೆಟ್ಟಿದ್ದನ್ನು ವರ್ಷಗಟ್ಟಲೆ ಹಾಗೇ ಬಿಡುವುದು ಹೊಸ ರೋಗ ಅಲ್ಲ. ಅದೇ ಪಾರ್ಕ್‌ನಲ್ಲಿ 2017ರಲ್ಲಿ ಬಂದ ಫ್ಲೈಟ್ ಆಫ್ ಪ್ಯಾಸೇಜ್, ಹಾಲಿವುಡ್ ಸ್ಟುಡಿಯೋಸ್‌ನ 2019ರ ರೈಸ್ ಆಫ್ ದ ರೆಸಿಸ್ಟೆನ್ಸ್, ಎಪ್ಕಾಟ್‌ನ 2022ರ ಕಾಸ್ಮಿಕ್ ರಿವೈಂಡ್ ಮೂರನ್ನೂ ನೋಡಿದ್ದೇನೆ. 2007ರಲ್ಲಿ ನಾನು ಕಂಡ ಯಾವ ರೈಡೂ ಇವುಗಳ ಹತ್ತಿರ ಬರುವುದಿಲ್ಲ.

ಅನಿಮಲ್ ಕಿಂಗ್‌ಡಮ್‌ನ ಏಷ್ಯಾ ಭಾಗಕ್ಕೆ ಆನಂದಪುರ ಎಂದು ಹೆಸರಿಟ್ಟಿದ್ದಾರೆ. ಬಣ್ಣ ಮಾಸಿದ ಗೋಡೆ, ಜಾಹೀರಾತಿನ ಹಲಗೆ, ಪಾಳು ಬಿದ್ದ ಅರಮನೆಯಂಥ ಕಟ್ಟಡದ ಹಿಂದೆ ನಿಜವಾದ ಹುಲಿಗಳು. ನಮ್ಮ ಊರಿನವರಿಗೆ ಅಲ್ಲಿ ನಡೆಯುವಾಗ ಆಗುವ ಖುಷಿಯೇ ಬೇರೆ. ದೊಡ್ಡವರು ಜೊತೆಗಿದ್ದರೆ ನಾನು ಮೊದಲು ಕರೆದೊಯ್ಯುವುದು ಅಲ್ಲಿಗೇ. ಅದೇ ಪಾರ್ಕ್‌ನ ಇನ್ನೊಂದು ಕಡೆ ಸಫಾರಿ ಇದೆ, ಅದಕ್ಕೆ ಮಂಡಿ ಗಟ್ಟಿ ಇರಬೇಕಿಲ್ಲ.

ಹಾಗಾದರೆ ಕಮ್ಮಿ ಆದದ್ದೇನು ಅಂದೆನಲ್ಲ, ಅದಕ್ಕೆ ಬರುತ್ತೇನೆ.

2012ರಲ್ಲಿ ಅಪ್ಪ ಅಮ್ಮ ಬಂದಿದ್ದರು. ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ರಿವರ್ಸ್ ಆಫ್ ಅಮೆರಿಕ ಅಂತ ಒಂದು ಹೊಳೆ ಇತ್ತು. ಮಧ್ಯದಲ್ಲಿ ಟಾಮ್ ಸಾಯರ್ ದ್ವೀಪ. ತೆಪ್ಪದಂಥ ದೋಣಿಯಲ್ಲಿ ದಾಟಬೇಕು. ಅಲ್ಲಿ ದೊಡ್ಡ ರೈಡ್ ಯಾವುದೂ ಇಲ್ಲ. ಮರ, ಗುಹೆ, ಅಲುಗಾಡುವ ಸೇತುವೆ, ಒಂದು ಮರದ ಕೋಟೆ, ಅಷ್ಟೇ. ಮಗಳು ಗುಹೆಯಿಂದ ಗುಹೆಗೆ ಓಡುತ್ತಿದ್ದಳು. ನಾವು ನೆರಳಲ್ಲಿ ಕೂತು ಡಬ್ಬಿ ಬಿಚ್ಚಿದೆವು. ಅಮ್ಮ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ ಚಿತ್ರಾನ್ನ, ಮೇಲೆ ಹುರಿದ ಕಡಲೆಬೀಜ. ಅಷ್ಟರಲ್ಲಿ ಲಿಬರ್ಟಿ ಬೆಲ್ ಅನ್ನುವ ಉಗಿದೋಣಿ ಸಿಳ್ಳೆ ಹಾಕಿಕೊಂಡು ತಿರುವಿನಲ್ಲಿ ಬಂತು. ಹಿಂದೆ ಕೆಂಪು ಚಕ್ರ ನೀರು ಮೊಗೆದು ಚೆಲ್ಲುತ್ತಿತ್ತು. ಅಪ್ಪ ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತುಬಿಟ್ಟರು. ರೈಲ್ವೆಯಲ್ಲಿ ಮೂವತ್ತೆರಡು ವರ್ಷ ಕೆಲಸ ಮಾಡಿದವರು, ಉಗಿ ಯಂತ್ರ ಅಂದರೆ ಜೀವ. "ನಿಜವಾದ ಬಾಯ್ಲರ್ ಕಣೇ ಇದು" ಅಂದರು. ದೋಣಿ ಸುತ್ತು ಹೊಡೆದು ಮತ್ತೆ ಬರುವ ತನಕ ನಾವು ಅಲ್ಲೇ ಇದ್ದೆವು. ಯಾರೂ ಎಬ್ಬಿಸಲಿಲ್ಲ, ಯಾವ ಟೈಮಿಗೂ ಓಡಬೇಕಿರಲಿಲ್ಲ.

2025ರ ಜುಲೈ 6 ಆ ಹೊಳೆಯ ಕೊನೆಯ ದಿನ. ಹೊಳೆ, ದ್ವೀಪ, ದೋಣಿ ಮೂರನ್ನೂ ಮುಚ್ಚಿದರು. ಆ ಜಾಗದಲ್ಲಿ 'ಕಾರ್ಸ್' ಅನ್ನುವ ಕಾರ್ಟೂನ್ ಸಿನಿಮಾದ ಹೊಸ ವಲಯ ಬರುತ್ತದೆ. 2023ರಲ್ಲೇ ಕಂಪನಿ ಹತ್ತು ವರ್ಷದಲ್ಲಿ ಪಾರ್ಕ್ ಮತ್ತು ತನ್ನ ಪ್ರವಾಸಿ ಹಡಗುಗಳಿಗೆ 60 ಬಿಲಿಯನ್ ಡಾಲರ್ ಹಾಕುವುದಾಗಿ ಹೇಳಿತ್ತು, ಇದು ಅದರ ಒಂದು ಭಾಗ. ಹೊಸ ರೈಡ್ ಚೆನ್ನಾಗಿಯೇ ಇರುತ್ತದೆ, ಅನುಮಾನ ಇಲ್ಲ. ಮಕ್ಕಳು ಕುಣಿದಾಡುತ್ತಾರೆ. ಆದರೆ ಅಜ್ಜ ಅಜ್ಜಿ ಕೂರುವುದೆಲ್ಲಿ? ರೇಟಿನ ಪಟ್ಟಿಯಲ್ಲಿ ಕಾಣುವ ನಷ್ಟ ಅಲ್ಲ ಇದು. ನನ್ನ ಪ್ರಕಾರ ಆ ಟಿಕೆಟ್‌ನ ಬೆಲೆಯಲ್ಲಿ ದೊಡ್ಡ ಪಾಲು ಇಂಥ ಜಾಗಗಳದ್ದೇ ಆಗಿತ್ತು.

ಈಗ ನಾದಿನಿಗೆ ನಾನು ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ನಾಲ್ಕೂ ಪಾರ್ಕ್ ನೋಡಲೇಬೇಕು ಅಂತಿಲ್ಲ. ಎರಡು ಸಾಕು, ಮ್ಯಾಜಿಕ್ ಕಿಂಗ್‌ಡಮ್ ಒಂದು ದಿನ, ಅನಿಮಲ್ ಕಿಂಗ್‌ಡಮ್ ಒಂದು ದಿನ, ನಡುವೆ ಒಂದು ದಿನ ವಿಶ್ರಾಂತಿ. ಕ್ರಿಸ್‌ಮಸ್ ವಾರ ಬೇಡವೇ ಬೇಡ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಇಲ್ಲಿ ಶಾಲೆ ಶುರುವಾಗಿರುತ್ತದೆ, ಜನ ಕಡಿಮೆ, ರೇಟೂ ಕಡಿಮೆ. ಸೆಕೆ ಜಾಸ್ತಿ, ಚಂಡಮಾರುತದ ಕಾಲ, ಮಧ್ಯಾಹ್ನ ಗುಡುಗು ಬಂದರೆ ಹೊರಗಿನ ರೈಡ್ ನಿಲ್ಲಿಸುತ್ತಾರೆ. ಅದಕ್ಕೆ ತಯಾರಾಗಿ ಬರಬೇಕು. ಬೆಳಿಗ್ಗೆ ಗೇಟು ತೆರೆಯುವ ಮುಂಚೆ ಅಲ್ಲಿದ್ದರೆ ಮೊದಲ ಎರಡು ಗಂಟೆಯಲ್ಲೇ ಮೂರು ನಾಲ್ಕು ದೊಡ್ಡ ರೈಡ್ ಮುಗಿಯುತ್ತವೆ, ಲೈಟ್ನಿಂಗ್ ಲೇನ್ ಇಲ್ಲದೆ. ಅದು ಬೇಕೇ ಬೇಕು ಅನ್ನುವುದಾದರೆ ಡಿಸ್ನಿ ಹೋಟೆಲ್ ಬಿಟ್ಟು ಹೊರಗೆ ಉಳಿಯುವವರಿಗೆ ಮೂರು ದಿನ ಮುಂಚೆ ಬೆಳಿಗ್ಗೆ ಏಳಕ್ಕೆ ಬುಕಿಂಗ್ ತೆರೆಯುತ್ತದೆ, ನೆನಪಿಡಿ. ಮನೆಯ ಊಟ ಒಳಗೆ ಒಯ್ಯಬಹುದು, ಗಾಜಿನ ಡಬ್ಬಿ ಮಾತ್ರ ಬೇಡ. ತಿಂಡಿ ಮಾರುವ ಕೌಂಟರ್‌ಗಳಲ್ಲಿ ಕೇಳಿದರೆ ತಣ್ಣಗಿನ ನೀರು ಉಚಿತವಾಗಿ ಕೊಡುತ್ತಾರೆ. ಮೂರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ.

ಮಕ್ಕಳು ಹದಿನಾಲ್ಕು ಹದಿನೈದು ದಾಟಿದ್ದರೆ, ಒರ್ಲ್ಯಾಂಡೊದಲ್ಲೇ ಯೂನಿವರ್ಸಲ್‌ನವರು 2025ರ ಮೇ 22ರಂದು ತೆರೆದ ಎಪಿಕ್ ಯೂನಿವರ್ಸ್ ಅನ್ನುವ ಪಾರ್ಕ್ ಕೂಡ ಯೋಚಿಸಿ. ಪಕ್ಕದಲ್ಲಿ ಗಟ್ಟಿ ಪೈಪೋಟಿ ಇದ್ದರೆ ಡಿಸ್ನಿಯವರೂ ಜನರ ಮಾತು ಸ್ವಲ್ಪ ಜಾಸ್ತಿ ಕೇಳಿಯಾರು ಅನ್ನುವ ಆಸೆ ನನಗಿದೆ.

"ನೀವು ಈಗಲೂ ಹೋಗ್ತೀರಾ ಅತ್ತಿಗೆ?" ಎಂದು ನಾದಿನಿ ಕೊನೆಗೆ ಕೇಳಿದಳು. ಹೋಗುತ್ತೇವೆ. ಮೊದಲು ವಾರ್ಷಿಕ ಪಾಸ್ ಇತ್ತು, ತಿಂಗಳಿಗೊಮ್ಮೆ ಹೋಗುತ್ತಿದ್ದೆವು. ಅದನ್ನು ಬಿಟ್ಟಿದ್ದೇವೆ. ಈಗ ಊರಿಂದ ಯಾರಾದರೂ ಬಂದಾಗ ಮಾತ್ರ. ಅವರ ಮಕ್ಕಳು ಮೊದಲ ಸಲ ಮ್ಯಾಜಿಕ್ ಕಿಂಗ್‌ಡಮ್‌ನ ಮುಖ್ಯ ಬೀದಿಯ ಕೊನೆಗೆ ಸಿಂಡರೆಲಾ ಕೋಟೆ ಕಂಡು ಬಾಯಿ ಬಿಟ್ಟು ನಿಲ್ಲುವುದನ್ನು ನೋಡಲು ನಾನು ಈಗಲೂ ದುಡ್ಡು ಕೊಡುತ್ತೇನೆ.

ಅಪ್ಪನಿಗೆ ಈಗ ಎಂಬತ್ತೊಂದು. ಪ್ರಯಾಣ ಆಗುವುದಿಲ್ಲ. ಭಾನುವಾರ ಫೋನ್ ಮಾಡಿದಾಗ ಒಮ್ಮೊಮ್ಮೆ ಕೇಳುತ್ತಾರೆ, "ಆ ಸ್ಟೀಮ್ ಬೋಟ್ ಓಡ್ತಾ ಇದೆಯೇನೇ?" ಹೋದ ವಾರ ಕೇಳಿದಾಗ ಇದ್ದದ್ದು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆ ಬಾಯ್ಲರ್ ಏನು ಮಾಡಿದ್ರಂತೆ?" ಅಂದರು.