ನಾಲ್ಕು ಪಾರ್ಕ್ ಬೇಡ, ಎರಡೇ ಸಾಕು: ನಮ್ಮ ಕೀನ್ಯಾ ಸಫಾರಿಯ ಪ್ಲಾನ್

ಮುಂದಿನ ಜೂನ್‌ಗೆ ಕೀನ್ಯಾ ಅಂತ ಮನೆಯಲ್ಲಿ ತೀರ್ಮಾನ ಆಗಿದೆ. ನಾನು, ನಮ್ಮ ಯಜಮಾನರು, ಏಳನೇ ಕ್ಲಾಸಿನ ಮಗಳು, ಜೊತೆಗೆ ಅತ್ತೆ. ಕೆಲವು ತಿಂಗಳಿಂದ ನನಗೆ ಇದೇ ಗುಂಗು. ಓದಿದ್ದು, ಹೋಗಿಬಂದವರನ್ನು ಕೇಳಿ ತಿಳಿದದ್ದು, ಏಜೆನ್ಸಿಗಳು ಕಳಿಸಿದ ಕೊಟೇಶನ್‌ಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದ್ದು, ಎಲ್ಲ ಸೇರಿ ಈಗ ಏನು ಬೇಕು ಏನು ಬೇಡ ಅನ್ನೋದು ಗಟ್ಟಿಯಾಗಿದೆ. ಆಫ್ರಿಕಾ ಸಫಾರಿ ನಮ್ಮಂಥ ಮನೆಗೆ ದೊಡ್ಡ ಖರ್ಚು. ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಗಾಡಿಯಲ್ಲಿ ಕೂತು ಹೈವೇ ನೋಡೋದಕ್ಕೆ ಹೋಗಬಾರದು, ಪ್ರಾಣಿ ನೋಡೋದಕ್ಕೇ ಹೋಗಬೇಕು. ನನ್ನ ಇಡೀ ಪ್ಲಾನ್ ನಿಂತಿರುವುದು ಇದರ ಮೇಲೆ.

ನಮಗೆ ಬಂದ ಪ್ಯಾಕೇಜ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ನೈರೋಬಿಯಲ್ಲಿ ಇಳಿದು ಅಂಬೊಸೆಲಿ, ಅಲ್ಲಿಂದ ನೈವಾಶಾ, ನಕುರು ಕೆರೆಗಳು, ಕೊನೆಗೆ ಮಸಾಯಿ ಮಾರಾ. ಒಂದೊಂದು ಕಡೆ ಒಂದು ರಾತ್ರಿ, ಹೆಚ್ಚೆಂದರೆ ಎರಡು. ಪಟ್ಟಿ ನೋಡಿದರೆ ಖುಷಿಯಾಗುತ್ತೆ, ಐದು ದಿನಕ್ಕೆ ನಾಲ್ಕು ಜಾಗ ಅಂತ. ಆದರೆ ಮ್ಯಾಪ್ ತೆಗೆದು ನೋಡಿ. ಅಂಬೊಸೆಲಿ ನೈರೋಬಿಯ ದಕ್ಷಿಣಕ್ಕೆ, ಮಾರಾ ಪಶ್ಚಿಮಕ್ಕೆ, ಎರಡೂ ತಾಂಜಾನಿಯಾ ಗಡಿಯಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗೋಕೆ ಮತ್ತೆ ನೈರೋಬಿ ಕಡೆಗೇ ಬಂದು ಸುತ್ತಿಕೊಂಡು ಹೋಗಬೇಕು. ನೈರೋಬಿಯಿಂದ ಮಾರಾಗೇ ಸುಮಾರು 270 ಕಿಲೋಮೀಟರ್, ಐದಾರು ಗಂಟೆ ದಾರಿ. ಹೀಗೆ ದಿನಾ ಬೆಳಗ್ಗೆ ಲಗೇಜ್ ಕಟ್ಟಿ ಹೊರಟರೆ ಬೆಳಗಿನ ಸಫಾರಿಯೇ ಕೈತಪ್ಪುತ್ತೆ. ಕಬಿನಿಗೋ ಬಂಡೀಪುರಕ್ಕೋ ಹೋಗಿಬಂದವರಿಗೆ ಗೊತ್ತು, ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಎರಡು ಗಂಟೆ, ಕಾಡಿನಲ್ಲಿ ನಡೆಯೋದೆಲ್ಲ ಬಹುತೇಕ ಆಗಲೇ. ಮಾರಾದಲ್ಲೂ ಹಾಗೇ. ಸಿಂಹ ದಿನದಲ್ಲಿ ಇಪ್ಪತ್ತು ಗಂಟೆಯಷ್ಟು ಬಿದ್ದುಕೊಂಡೇ ಇರುತ್ತೆ. ಅದು ಎದ್ದು ಓಡಾಡುವ ಹೊತ್ತಿಗೆ ನಾವು ಹೆದ್ದಾರಿಯಲ್ಲಿದ್ದರೆ ಏನು ಪ್ರಯೋಜನ ಹೇಳಿ.

ಹಾಗಾಗಿ ನೈವಾಶಾ, ನಕುರು ಎರಡೂ ಬಿಟ್ಟೆವು. ನಕುರು ಬಿಡುವಾಗ ಸ್ವಲ್ಪ ಸಂಕಟ ಆಯಿತು, ಘೇಂಡಾಮೃಗ ಕಾಣೋಕೆ ಅದು ಒಳ್ಳೆ ಜಾಗ. ಆದರೆ ಹಳೇ ಫೋಟೊಗಳಲ್ಲಿ ಕಾಣುವ, ಕೆರೆ ತುಂಬ ಗುಲಾಬಿ ಬಣ್ಣದ ಫ್ಲೆಮಿಂಗೊಗಳು ಈಗ ಅಲ್ಲಿ ಅಷ್ಟು ಇರುವುದಿಲ್ಲ. ಕಳೆದ ಹದಿನೈದು ವರ್ಷದಲ್ಲಿ ಕೆರೆಯ ನೀರು ಏರಿ ಅದರ ಉಪ್ಪಿನಂಶ ಕಡಿಮೆಯಾಗಿದೆ, ಹಕ್ಕಿಗಳು ಬೊಗೊರಿಯಾದಂಥ ಬೇರೆ ಕೆರೆಗಳ ಕಡೆ ಹೋಗಿವೆ. ಅಂಬೊಸೆಲಿ ಮತ್ತು ಮಾರಾ, ಎರಡೇ ಇಟ್ಟುಕೊಂಡಿದ್ದೇವೆ. ಅದರಲ್ಲೂ ಮಾರಾಗೆ ಕನಿಷ್ಠ ನಾಲ್ಕು ರಾತ್ರಿ ಕೊಡಿ ಅಂತ ನಾನು ಯಾರಿಗೇ ಆದರೂ ಹೇಳುತ್ತೇನೆ.

ಇನ್ನು ಯಾವಾಗ ಹೋಗೋದು ಅನ್ನೋ ಪ್ರಶ್ನೆ. ಕೀನ್ಯಾ ಅಂದ ತಕ್ಷಣ ಎಲ್ಲರೂ ಕೇಳೋದು ಮೈಗ್ರೇಶನ್, ಅಂದರೆ ಪ್ರಾಣಿಗಳ ವಲಸೆ ಬಗ್ಗೆ. ಹತ್ತು ಲಕ್ಷಕ್ಕೂ ಮೀರಿದ ವೈಲ್ಡ್‌ಬೀಸ್ಟ್‌ಗಳು (ನೋಡೋಕೆ ದನದ ಹಾಗಿರುವ ದೊಡ್ಡ ಹುಲ್ಲೆಗಳು), ಜೊತೆಗೆ ಲಕ್ಷಗಟ್ಟಲೆ ಜೀಬ್ರಾ, ಗೆಜೆಲ್ ಅನ್ನುವ ಸಣ್ಣ ಹುಲ್ಲೆಗಳು ಮಳೆ ಮತ್ತು ಹುಲ್ಲಿನ ಹಿಂದೆ ವರ್ಷವಿಡೀ ಸುತ್ತುತ್ತಲೇ ಇರುತ್ತವೆ. ಜನವರಿಯಿಂದ ಮಾರ್ಚ್‌ವರೆಗೆ ತಾಂಜಾನಿಯಾದ ಸೆರೆಂಗೆಟಿಯ ದಕ್ಷಿಣದಲ್ಲಿ ಮರಿ ಹಾಕುತ್ತವೆ. ಆಮೇಲೆ ನಿಧಾನಕ್ಕೆ ಉತ್ತರಕ್ಕೆ ಬಂದು ಜುಲೈನಿಂದ ಅಕ್ಟೋಬರ್‌ವರೆಗೆ ಮಾರಾ ನದಿಯ ಆಚೆ ಈಚೆ ಓಡಾಡುತ್ತವೆ. ಟೀವಿಯಲ್ಲಿ ನೋಡುವ ಮೊಸಳೆಗಳ ದೃಶ್ಯ ಆಗಿನದು.

ನಮ್ಮ ಮಕ್ಕಳ ರಜೆ ಏಪ್ರಿಲ್, ಮೇ. ಅಲ್ಲಿ ಆಗ ಜೋರು ಮಳೆಗಾಲ. ಕಪ್ಪು ಮಣ್ಣಿನ ದಾರಿಯಲ್ಲಿ ಗಾಡಿ ಹೂತುಕೊಳ್ಳುತ್ತೆ, ಎಷ್ಟೋ ಕ್ಯಾಂಪ್‌ಗಳು ಬಾಗಿಲು ಹಾಕಿರುತ್ತವೆ. ದಸರಾ ರಜೆಗೆ ಹೋದರೆ ವೈಲ್ಡ್‌ಬೀಸ್ಟ್‌ಗಳು ಇನ್ನೂ ಇರುತ್ತವೆ, ಆದರೆ ದುಡ್ಡಿನ ಲೆಕ್ಕ ಬೇರೆ. ಮಾರಾದ ಪ್ರವೇಶ ಶುಲ್ಕ 2024ರಿಂದ ಹೀಗಿದೆ: ವಿದೇಶಿ ವಯಸ್ಕರಿಗೆ ಜನವರಿಯಿಂದ ಜೂನ್‌ವರೆಗೆ ದಿನಕ್ಕೆ 100 ಡಾಲರ್, ಜುಲೈನಿಂದ ಡಿಸೆಂಬರ್‌ವರೆಗೆ 200 ಡಾಲರ್. ನೂರು ಡಾಲರ್ ಅಂದರೆ ಒಂಬತ್ತು ಸಾವಿರ ರೂಪಾಯಿ ಆಸುಪಾಸು. ಟಿಕೆಟ್ ನಡೆಯೋದು ಬೆಳಗ್ಗೆ ಆರರಿಂದ ಸಂಜೆ ಆರರವರೆಗೆ ಮಾತ್ರ, ನಮ್ಮ ಹೋಟೆಲ್‌ಗಳ ಹಾಗೆ ಇಪ್ಪತ್ನಾಲ್ಕು ಗಂಟೆ ಲೆಕ್ಕ ಇಲ್ಲ. ನಾವು ಮೂರು ಜನ ದೊಡ್ಡವರು, ನಾಲ್ಕು ದಿನ ಅಂತ ಗುಣಿಸಿದರೆ ಜೂನ್‌ಗೂ ಜುಲೈಗೂ ಇರುವ ವ್ಯತ್ಯಾಸದಲ್ಲಿ ಎರಡು ಮೂರು ಜನರ ವಿಮಾನದ ಟಿಕೆಟ್ ದುಡ್ಡೇ ಸಿಗಬಹುದು. ಜೂನ್‌ನಲ್ಲಿ ಮಳೆ ಮುಗಿದಿರುತ್ತೆ, ಹುಲ್ಲು ಹಸಿರಾಗಿ ಎತ್ತರ ಬೆಳೆದಿರುತ್ತೆ, ಜನ ಕಡಿಮೆ. ಸ್ಕೂಲು ಶುರುವಾದ ಹೊಸದರಲ್ಲಿ ಮಗಳಿಗೆ ಒಂದಷ್ಟು ದಿನ ರಜೆ ಹಾಕಿಸುತ್ತೇವೆ. ಅವಳು ಅಲ್ಲಿ ಕಲಿಯೋದೂ ಪಾಠವೇ ಅಂತ ನಾನು ನಂಬಿದ್ದೇನೆ.

ಹಾಗಾದರೆ ನದಿ ದಾಟೋದು ನೋಡಲ್ವಾ ಅಂತ ನನ್ನ ತಮ್ಮ ಕೇಳಿದ. ಇಲ್ಲ, ನೋಡಲ್ಲ. ಯೋಚಿಸಿಯೇ ಬಿಟ್ಟಿದ್ದೇವೆ. ಹಿಂಡು ದಡದ ಹತ್ತಿರ ಬಂದು ಗಂಟೆಗಟ್ಟಲೆ ನಿಂತು, ಏನೋ ಅನ್ನಿಸಿ ವಾಪಸ್ ಹೋಗಿಬಿಡಬಹುದು. ಯಾವ ಏಜೆಂಟೂ ಅದನ್ನು ಖಾತ್ರಿ ಮಾಡಿ ಕೊಡೋಕೆ ಆಗಲ್ಲ, ಕೊಡುತ್ತೇನೆ ಅಂದರೆ ನಂಬಬೇಡಿ. ಅದಕ್ಕಿಂತ ನನಗೆ ಬೇಜಾರಾಗೋದು ಆ ದಡದಲ್ಲಿ ಸೇರುವ ಗಾಡಿಗಳ ಜಾತ್ರೆ. 2025ರ ಜುಲೈನಲ್ಲಿ ಸೆರೆಂಗೆಟಿ ಕಡೆಯ ಒಂದು ವಿಡಿಯೊ ಎಲ್ಲ ಕಡೆ ಹರಿದಾಡಿತು. ಪ್ರವಾಸಿಗರು ಗಾಡಿಯಿಂದ ಇಳಿದು ನದಿ ದಡದಲ್ಲೇ ನಿಂತುಬಿಟ್ಟಿದ್ದರು, ಪ್ರಾಣಿಗಳಿಗೆ ದಾಟೋಕೆ ದಾರಿಯೇ ಇರಲಿಲ್ಲ. ಅಷ್ಟು ದೂರದಿಂದ ನಡೆದು ಬಂದ ಪ್ರಾಣಿಗಳಿಗೆ ನಾವೇ ಅಡ್ಡ ನಿಲ್ಲೋದು ಅಂದರೆ ಹೇಗೆ ಅನ್ನಿಸಿತು. ಮಾರಾದ ಸಿಂಹ, ಚಿರತೆ, ಆನೆ, ಜಿರಾಫೆ, ಕತ್ತೆಕಿರುಬ, ಹಿಪ್ಪೊಗಳೆಲ್ಲ ವರ್ಷವಿಡೀ ಅಲ್ಲೇ ಇರುವಂಥವು. ವೈಲ್ಡ್‌ಬೀಸ್ಟ್ ಹಿಂಡು ಬರಲಿ ಬಿಡಲಿ, ನೋಡೋಕೆ ಬೇಕಾದಷ್ಟಿದೆ. ಮಗಳಿಗಂತೂ ಚೀತಾ ನೋಡಬೇಕು. ನಮ್ಮ ದೇಶದಲ್ಲಿ ಚೀತಾ ಅಳಿದುಹೋಯಿತು ಅಂತ ಘೋಷಿಸಿದ್ದು 1952ರಲ್ಲಿ. 2022ರಲ್ಲಿ ನಮೀಬಿಯಾದಿಂದ ಎಂಟು ಚೀತಾಗಳನ್ನು ಕುನೊಗೆ ತಂದ ದಿನದಿಂದ ಅವಳು ಅದರ ಸುದ್ದಿಯನ್ನು ಬಿಡದೆ ಓದುತ್ತಾಳೆ. ಅವು ತಮ್ಮದೇ ನೆಲದಲ್ಲಿ, ಬಯಲಲ್ಲಿ ಓಡೋದನ್ನು ಅವಳಿಗೆ ತೋರಿಸಬೇಕು ಅಂತ ನನಗೂ ಆಸೆ.

ಈಗ ನಾನು ಎಲ್ಲಕ್ಕಿಂತ ಜಾಸ್ತಿ ತಲೆಕೆಡಿಸಿಕೊಂಡ ವಿಷಯ, ಉಳಿಯೋದು ಎಲ್ಲಿ. ಮಸಾಯಿ ಮಾರಾ ಅಂದಾಗ ನಾವು ಅಂದುಕೊಳ್ಳೋದು ಸುಮಾರು 1,510 ಚದರ ಕಿಲೋಮೀಟರ್‌ನ ರಿಸರ್ವ್ ಅನ್ನು. ಅದನ್ನು ನರೋಕ್ ಕೌಂಟಿಯ ಸರ್ಕಾರ ನೋಡಿಕೊಳ್ಳುತ್ತೆ. ಆದರೆ ಅದರ ಉತ್ತರಕ್ಕೂ ಪೂರ್ವಕ್ಕೂ ಅಂಟಿಕೊಂಡ ಹಾಗೆ ಕನ್ಸರ್ವೆನ್ಸಿಗಳಿವೆ: ಮಾರಾ ನಾರ್ತ್, ನಬೊಯಿಶೊ, ಓಲಾರೆ ಮೊಟೊರೊಗಿ, ಓಲ್ ಕಿನ್ಯೇಯಿ. ಆ ನೆಲ ದನ ಸಾಕುವ ಮಸಾಯಿ ಜನಾಂಗದ ಕುಟುಂಬಗಳ ಸ್ವಂತ ಜಮೀನು. ಅವರು ಬೇಲಿ ಹಾಕಿ ಉಳುಮೆ ಮಾಡದೆ, ಜಮೀನನ್ನೆಲ್ಲ ಒಟ್ಟು ಸೇರಿಸಿ ಕಾಡುಪ್ರಾಣಿಗಳಿಗೆ ಬಿಟ್ಟಿದ್ದಾರೆ. ಅದಕ್ಕೆ ಅಲ್ಲಿನ ಕ್ಯಾಂಪ್‌ಗಳು ಬಾಡಿಗೆ ಕಟ್ಟುತ್ತವೆ, ಆ ದುಡ್ಡು ಜಮೀನಿನವರ ಕೈಸೇರುತ್ತೆ. ನಬೊಯಿಶೊ ಶುರುವಾದದ್ದು 2010ರಲ್ಲಿ. ಸುಮಾರು 50,000 ಎಕರೆ, 500ಕ್ಕೂ ಹೆಚ್ಚು ಜಮೀನುದಾರರು. ಅವರ ದನಗಳಿಗೂ ಅಲ್ಲಿ ಸರದಿಯಂತೆ ಮೇವು ಉಂಟು.

ಇದನ್ನು ಓದಿದಾಗ ನನಗೆ ನಾಗರಹೊಳೆ ಸುತ್ತಮುತ್ತಲಿನ ಊರುಗಳೇ ಕಣ್ಣಮುಂದೆ ಬಂದವು. ಆನೆ ಬಂದು ಬೆಳೆ ತಿಂದರೆ ರೈತನಿಗೆ ನಷ್ಟ, ಸಫಾರಿಯ ದುಡ್ಡಿಗೂ ಅವನಿಗೂ ಸಂಬಂಧವೇ ಇಲ್ಲ. ಕಾಡಿನ ಪಕ್ಕ ಬದುಕುವವರಿಗೆ ಪ್ರಾಣಿ ಇದ್ದರೇ ಲಾಭ ಅನ್ನುವ ಹಾಗೆ ಒಂದು ವ್ಯವಸ್ಥೆ ಮಾಡೋದು ಎಷ್ಟು ಕಷ್ಟ ಅಂತ ನಮಗೆ ಗೊತ್ತಲ್ವಾ. ಅಲ್ಲಿಯದ್ದೂ ಪೂರ್ತಿ ಸರಿಯಾಗಿದೆ ಅಂತಲ್ಲ. ಕೊರೊನಾ ಕಾಲದಲ್ಲಿ ಪ್ರವಾಸಿಗರು ನಿಂತಾಗ ಬಾಡಿಗೆ ಕಟ್ಟೋಕೆ ಕ್ಯಾಂಪ್‌ಗಳು ಒದ್ದಾಡಿದವು. ಎಲ್ಲ ಪ್ರವಾಸೋದ್ಯಮದ ಮೇಲೇ ನಿಂತರೆ ಆಗುವ ಕಷ್ಟ ಅದು. ಆದರೂ ನಾನು ಕೊಡುವ ದುಡ್ಡಿನಲ್ಲಿ ಒಂದು ಪಾಲು ಆ ನೆಲದವರಿಗೆ ಹೋಗುತ್ತೆ ಅಂದರೆ ಅಲ್ಲೇ ಉಳಿಯಬೇಕು ಅನ್ನೋದು ನನ್ನ ನಿರ್ಧಾರ.

ನಮಗೂ ಅನುಕೂಲ ಇದೆ. ಕನ್ಸರ್ವೆನ್ಸಿಯಲ್ಲಿ ಟೆಂಟ್‌ಗಳ ಸಂಖ್ಯೆಗೆ ಮಿತಿ ಇದೆ, ಅಲ್ಲಿ ಉಳಿದವರ ಗಾಡಿಗಳಿಗೆ ಮಾತ್ರ ಪ್ರವೇಶ, ಒಂದು ಪ್ರಾಣಿಯ ಹತ್ತಿರ ಗಾಡಿಗಳು ಗುಂಪುಗಟ್ಟೋ ಹಾಗಿಲ್ಲ. ರಿಸರ್ವ್‌ನಲ್ಲಿ ಇಲ್ಲದ ರಾತ್ರಿ ಸಫಾರಿ, ಮಸಾಯಿ ಗೈಡ್ ಜೊತೆ ನಡಿಗೆ ಇವೆಲ್ಲ ಅಲ್ಲಿ ಉಂಟು. ರೇಟು ಜಾಸ್ತಿ, ಸುಳ್ಳು ಹೇಳಲ್ಲ. ಅದಕ್ಕೇ ನಾವು ಎರಡು ರಾತ್ರಿ ಕನ್ಸರ್ವೆನ್ಸಿಯಲ್ಲಿ, ಉಳಿದದ್ದು ತಲೇಕ್ ಗೇಟಿನ ಹತ್ತಿರ ಒಂದು ಸಾಧಾರಣ ಕ್ಯಾಂಪ್‌ನಲ್ಲಿ ಅಂತ ಹಂಚಿಕೊಂಡಿದ್ದೇವೆ. ಟೆಂಟ್ ಅಂದರೆ ಒಳಗೆ ಮಂಚ, ಬಾತ್‌ರೂಮ್, ಬಿಸಿನೀರು ಎಲ್ಲ ಇರುತ್ತೆ. ಅತ್ತೆಗೆ ಫೋಟೊ ತೋರಿಸಿದ ಮೇಲೇ ಸಮಾಧಾನ ಆದದ್ದು.

ಅಂಬೊಸೆಲಿ ಸೇರಿಸಿಕೊಂಡದ್ದು ಆನೆಗಳಿಗಾಗಿ. ಕಬಿನಿ ಹಿನ್ನೀರಿನಲ್ಲಿ ಬೇಸಿಗೆಯಲ್ಲಿ ಆನೆಗಳು ಸೇರೋದನ್ನು ನೋಡಿ ಬೆಳೆದವಳು ನಾನು, ಆನೆ ಅಂದರೆ ನನಗೆ ಉಳಿದೆಲ್ಲದಕ್ಕಿಂತ ಒಂದು ತೂಕ ಹೆಚ್ಚು. ಅಂಬೊಸೆಲಿಯಲ್ಲಿ ಸಿಂಥಿಯಾ ಮಾಸ್ 1972ರಲ್ಲಿ ಶುರುಮಾಡಿದ ಆನೆ ಅಧ್ಯಯನ ಇವತ್ತಿಗೂ ನಡೆಯುತ್ತಿದೆ. ಒಂದೊಂದು ಆನೆಯನ್ನೂ ಕಿವಿಯ ಅಂಚು ನೋಡಿ ಗುರುತಿಸಿ, ತಾಯಿ, ಮಗಳು, ಮೊಮ್ಮಗಳು ಅಂತ ವಂಶಾವಳಿಯನ್ನೇ ಬರೆದಿಟ್ಟಿದ್ದಾರೆ. ಕಿಲಿಮಂಜಾರೊ ಬೆಟ್ಟದ ನೀರು ನೆಲದೊಳಗೆ ಇಳಿದು ಬಂದು ಪಾರ್ಕಿನ ಮಧ್ಯೆ ಜೌಗಾಗಿ ಉಕ್ಕುತ್ತೆ, ಸುತ್ತ ಧೂಳು ನೆಲ ಇದ್ದರೂ ಅಲ್ಲಿ ಸದಾ ಹಸಿರು. ಆನೆಗಳು ಹಗಲೆಲ್ಲ ಅದರಲ್ಲೇ ಹೊಟ್ಟೆಯವರೆಗೆ ಮುಳುಗಿ ಮೇಯುತ್ತವೆ. ಅಲ್ಲಿ ಹೆಣ್ಣಾನೆಗೂ ದಂತ ಇರುತ್ತೆ ಅಂತ ಹೇಳಿದಾಗ ಅತ್ತೆ ನಂಬಲೇ ಇಲ್ಲ. 5,895 ಮೀಟರ್‌ನ ಬೆಟ್ಟ ಮೋಡ ಬಿಟ್ಟು ಕಾಣೋದು ಹೆಚ್ಚಾಗಿ ಬೆಳಗ್ಗೆ ಬೇಗ, ಇಲ್ಲ ಸಂಜೆ.

ಗಾಡಿ ವಿಷಯದಲ್ಲಿ ಜಿಪುಣತನ ಬೇಡ. ಕಡಿಮೆ ಪ್ಯಾಕೇಜ್‌ಗಳಲ್ಲಿ ಕೊಡೋದು ಮೇಲ್ಛಾವಣಿ ಎತ್ತುವ ವ್ಯಾನ್, ಅದರಲ್ಲಿ ಗೊತ್ತಿಲ್ಲದ ಇನ್ನೂ ಮೂರ್ನಾಲ್ಕು ಜನ. ಅವರಿಗೆ ಸಿಂಹ ನೋಡಿದ ಮೇಲೆ ಸಾಕು ಅನ್ನಿಸಿದರೆ ನಾವೂ ಹೊರಡಬೇಕು. ನಮಗೆ ಹಕ್ಕಿ ನೋಡೋ ಹುಚ್ಚು, ಒಂದು ಮರದ ಕೆಳಗೆ ಅರ್ಧ ಗಂಟೆ ನಿಂತರೂ ನಿಂತೆವೇ. ಅದಕ್ಕೆ ನಮ್ಮ ನಾಲ್ವರಿಗೇ ಒಂದು ಲ್ಯಾಂಡ್ ಕ್ರೂಸರ್, ಒಬ್ಬರೇ ಗೈಡ್ ಅಂತ ಮೊದಲೇ ಬರೆಸಿಕೊಂಡಿದ್ದೇವೆ. ಕೊಟೇಶನ್ ಕೇಳುವಾಗ ಪಾರ್ಕ್ ಶುಲ್ಕ ಸೇರಿದೆಯಾ, ಎಷ್ಟು ದಿನದ್ದು, ಗಾಡಿ ಓಡಿಸೋಕೆ ಕಿಲೋಮೀಟರ್ ಮಿತಿ ಇದೆಯಾ ಅಂತ ಬರಹದಲ್ಲೇ ಕೇಳಿ. ಗೈಡ್‌ಗೆ ಟಿಪ್ಸ್ ಕೊಡೋದು ಅಲ್ಲಿ ರೂಢಿ, ಅದಕ್ಕೂ ಬೇರೆ ದುಡ್ಡು ತೆಗೆದಿಡಿ.

ಅಂಬೊಸೆಲಿಯಿಂದ ಮಾರಾಗೆ ವಿಮಾನದಲ್ಲಿ ಹೋಗೋಣ ಅಂತ ಯಜಮಾನರು. ನೈರೋಬಿಗೆ ಬಂದ ಮೇಲೆ ಅಲ್ಲಿನ ವಿಲ್ಸನ್ ಏರ್‌ಪೋರ್ಟ್‌ನಿಂದ ಮಾರಾಗೆ ಸಣ್ಣ ವಿಮಾನದಲ್ಲಿ ಮುಕ್ಕಾಲು ಗಂಟೆ ಸಾಕು. ಅತ್ತೆಯ ಸೊಂಟನೋವಿಗೆ ಇದೇ ವಾಸಿ. ಒಬ್ಬರಿಗೆ 15 ಕೆಜಿ ಲಗೇಜ್, ಅದೂ ಮೆತ್ತನೆ ಬ್ಯಾಗ್‌ನಲ್ಲಿ, ಗಾಲಿ ಇರುವ ಗಟ್ಟಿ ಸೂಟ್‌ಕೇಸ್ ಹಿಡಿಸಲ್ಲ. ಬರುವಾಗ ಮಾತ್ರ ರಸ್ತೆಯಲ್ಲಿ, ರಿಫ್ಟ್ ಕಣಿವೆ ನೋಡಿಕೊಂಡು.

ಊಟದ ಚಿಂತೆ ನಮಗಿಲ್ಲ, ಅತ್ತೆ ಶುದ್ಧ ಸಸ್ಯಾಹಾರಿ ಆದರೂ. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಕೆರೆಯವರೆಗೆ ರೈಲು ಹಾಕೋಕೆ ನಮ್ಮ ದೇಶದಿಂದ ಮೂವತ್ತು ಸಾವಿರಕ್ಕೂ ಹೆಚ್ಚು ಕೂಲಿಗಳು ಹೋದರು. ಅಲ್ಲೇ ಉಳಿದವರೂ, ಆಮೇಲೆ ವ್ಯಾಪಾರಕ್ಕೆ ಹೋದ ಗುಜರಾತಿಗಳೂ ಸೇರಿ ಚಪಾತಿಯನ್ನು ಕೀನ್ಯಾದ ಮನೆಮನೆಯ ಊಟ ಮಾಡಿಬಿಟ್ಟಿದ್ದಾರೆ. ಜೊತೆಗೆ ಬೀನ್ಸ್ ಕಾಳಿನ ಪಲ್ಯ, ಸೊಪ್ಪು. ಇನ್ನೇನು ಬೇಕು.

ಬಟ್ಟೆ ಬಗ್ಗೆ ಒಂದೇ ಮಾತು, ಸ್ವೆಟರ್ ಮರೆಯಬೇಡಿ. ನೈರೋಬಿ ಇರೋದು ಬೆಂಗಳೂರಿನ ಸುಮಾರು ಎರಡು ಪಟ್ಟು ಎತ್ತರದಲ್ಲಿ, ಮಾರಾ ಕೂಡ ಎತ್ತರದ ಬಯಲು, ತೆರೆದ ಗಾಡಿಯಲ್ಲಿ ಬೆಳಗಿನ ಆರು ಗಂಟೆಗೆ ನಡುಕ ಹುಟ್ಟುತ್ತಂತೆ. ಪ್ಲಾಸ್ಟಿಕ್ ಕವರ್‌ಗಳನ್ನು ಕೀನ್ಯಾ 2017ರಿಂದಲೇ ನಿಷೇಧಿಸಿದೆ. ಬ್ಯಾಗ್‌ನಲ್ಲಿ ಚಪ್ಪಲಿ ಸುತ್ತೋಕೆ, ತಿಂಡಿ ಕಟ್ಟೋಕೆ ಬಟ್ಟೆ ಚೀಲವನ್ನೇ ಇಟ್ಟುಕೊಳ್ಳಿ.

ಕಾಗದಪತ್ರ ಸುಲಭ. 2024ರಿಂದ ಕೀನ್ಯಾಗೆ ವೀಸಾ ಬದಲು ಇಟಿಎ ಅನ್ನುವ ಪ್ರಯಾಣದ ಅನುಮತಿ, ಆನ್‌ಲೈನ್ ಅರ್ಜಿ. ಅವರ ಸರ್ಕಾರದ ವೆಬ್‌ಸೈಟ್‌ನಲ್ಲೇ ಹಾಕಿ, ಅದೇ ಥರ ಕಾಣುವ ಮಧ್ಯವರ್ತಿ ಸೈಟ್‌ಗಳಲ್ಲಿ ದುಡ್ಡು ಜಾಸ್ತಿ.

ಆದರೆ ಯೆಲ್ಲೊ ಫೀವರ್ ಲಸಿಕೆಯನ್ನು ಹಗುರವಾಗಿ ತಗೋಬೇಡಿ. ಕೀನ್ಯಾದಿಂದ ಭಾರತಕ್ಕೆ ವಾಪಸ್ ಬರುವಾಗ ಅದರ ಸರ್ಟಿಫಿಕೇಟ್ ಇರಲೇಬೇಕು, ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡುತ್ತಾರೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ, ಹಾಕಿಸಿಕೊಂಡ ಹತ್ತು ದಿನದ ನಂತರವೇ ಅದು ಊರ್ಜಿತ, ಒಮ್ಮೆ ಹಾಕಿಸಿದರೆ ಜೀವನಪೂರ್ತಿ ಸಾಕು. ಅದು ಜೀವಂತ ವೈರಸ್‌ನ ಲಸಿಕೆ, ಅರವತ್ತು ದಾಟಿದವರಿಗೆ ಸುಮ್ನೆ ಹಾಕಿಸುವಂಥದ್ದಲ್ಲ, ಡಾಕ್ಟರ್ ನೋಡಿ ಹೇಳಬೇಕು. ಮೊಟ್ಟೆ ಅಲರ್ಜಿ ಇದ್ದವರೂ ಮೊದಲೇ ಹೇಳಬೇಕು. ಅತ್ತೆಗೆ ಅರವತ್ನಾಲ್ಕು, ಬಿಪಿ ಮಾತ್ರೆ ನಡೀತಿದೆ. ಮುಂದಿನ ವಾರ ಅವರನ್ನು ನಮ್ಮ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಮಲೇರಿಯಾ ಮಾತ್ರೆ ಬಗ್ಗೆಯೂ ಆಗಲೇ ಕೇಳಬೇಕು. ಡಾಕ್ಟರ್ ಆಗಲಿ ಅಂದ ಮೇಲೇ ಮುಂಬೈನಿಂದ ನೈರೋಬಿಗೆ ಟಿಕೆಟ್, ಅಲ್ಲಿಯವರೆಗೆ ಕ್ಯಾಂಪ್‌ನವರಿಗೆ ಅಡ್ವಾನ್ಸ್ ಕೂಡ ಕಳಿಸಲ್ಲ.