ಎಂಟರ್ ಒತ್ತಿದ ಮೇಲೆ ಉಳಿದುಕೊಂಡ ಅಕ್ಷರ

ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ದಾಖಲೆಗಳನ್ನು ಅಳಿಸುವ ಸಣ್ಣ ಪ್ರೋಗ್ರಾಂ ಒಂದನ್ನು ಸಿ ಭಾಷೆಯಲ್ಲಿ ಬರೆದಿದ್ದೆ. ಎಷ್ಟು ದಿನಕ್ಕಿಂತ ಹಳೆಯದು ಹೋಗಬೇಕು ಎಂದು ಮೊದಲು ಕೇಳುತ್ತಿತ್ತು, ಆಮೇಲೆ ‘ಖಚಿತವೇ?’ ಎಂದು. ಬರೀ ಎಂಟರ್ ಒತ್ತಿದರೆ ‘ಹೌದು’ ಎಂದೇ ಇಟ್ಟಿದ್ದೆ.

ಒಂದು ದಿನ ಆಪರೇಟರ್ ಫೋನ್ ಮಾಡಿದರು. “90 ಹಾಕೋಕೆ ಹೋಗಿ 9 ಹಾಕ್ಬಿಟ್ಟೆ ಸರ್. ಬೇಡ ಅನ್ನೋಣ ಅಂದ್ರೆ ಅದು ಕಾಯಲೇ ಇಲ್ಲ.” ಬ್ಯಾಕಪ್‌ನಿಂದ ಎಲ್ಲವೂ ವಾಪಸ್ ಬಂತು, ಆದರೆ ಅಷ್ಟು ಹೊತ್ತು ಅವರ ಕೆಲಸ ನಿಂತಿತು. ತಪ್ಪು ತನ್ನದೇ ಎಂದು ಅವರು ಹೇಳುತ್ತಲೇ ಇದ್ದರು. ತಪ್ಪು ನನ್ನದಾಗಿತ್ತು.

ಆಗಿದ್ದಿಷ್ಟು. ನಾವು ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ಸಾಮಾನ್ಯವಾಗಿ ಎಂಟರ್ ಒತ್ತುವವರೆಗೆ ಪ್ರೋಗ್ರಾಂಗೆ ಏನನ್ನೂ ಕೊಡುವುದಿಲ್ಲ. ಒತ್ತಿದಾಗ ಇಡೀ ಸಾಲನ್ನು, ಸಾಲು ಮುಗಿಯಿತೆಂದು ಸೂಚಿಸುವ ಕೊನೆಯ ಹೊಸಸಾಲಿನ ಅಕ್ಷರದ ಸಮೇತ ಕೊಡುತ್ತದೆ. ಸಂಖ್ಯೆ ಓದಲು ನಾನು ಬಳಸಿದ ಸಿ ಫಂಕ್ಷನ್ ಸ್ಕ್ಯಾನ್‌ಎಫ್ ಅಂಕಿಯನ್ನಷ್ಟೇ ಎತ್ತಿಕೊಂಡು ಆ ಅಕ್ಷರವನ್ನು ಬಫರ್‌ನಲ್ಲೇ (ಓದಬೇಕಾದದ್ದು ಕಾದಿರುವ ಜಾಗದಲ್ಲೇ) ಬಿಟ್ಟಿತು. ಮುಂದೆ ಬಂದ, ಇಡೀ ಸಾಲು ಓದುವ ಎಫ್‌ಗೆಟ್ಸ್‌ಗೆ ಅದೇ ಒಂದು ಖಾಲಿ ಸಾಲು. ಯಾರೂ ಕೊಡದ ಒಪ್ಪಿಗೆ ಹಾಗೆ ಸಿಕ್ಕಿಬಿಟ್ಟಿತು. (ಜಾವಾ ಭಾಷೆಯಲ್ಲಿ ಸ್ಕ್ಯಾನರ್‌ನ ನೆಕ್ಸ್ಟ್‌ಇಂಟ್‌ನಿಂದ ಸಂಖ್ಯೆ ಓದಿದ ಮೇಲೆ ನೆಕ್ಸ್ಟ್‌ಲೈನ್‌ನಿಂದ ಸಾಲು ಓದಹೊರಟವರಿಗೂ ಇದೇ ಅನುಭವ.)

ಉಳಿದದ್ದನ್ನು ಖಾಲಿ ಮಾಡಲು, ಮೊದಲು ಬಫರ್ ತೆರವು ಮಾಡುವ ಎಫ್‌ಫ್ಲಶ್‌ಗೆ ಎಸ್‌ಟಿಡಿಇನ್ (ಪ್ರೋಗ್ರಾಂ ಉತ್ತರ ಓದುವ ಸ್ಟ್ರೀಮ್) ಕೊಟ್ಟು ನೋಡಿದೆ. ನನ್ನ ವಿಂಡೋಸ್ ಯಂತ್ರದಲ್ಲಿ ಸರಿಹೋಯಿತು, ಲಿನಕ್ಸ್ ಸರ್ವರ್‌ನಲ್ಲಿ ಇಲ್ಲ. ಓದುವ ಸ್ಟ್ರೀಮ್ ಮೇಲೆ ಹಾಗೆ ಮಾಡಿದರೆ ಏನಾಗಬೇಕೆಂದು ಸಿ ಸ್ಟ್ಯಾಂಡರ್ಡ್ ಹೇಳುವುದೇ ಇಲ್ಲ. ಆ ದಾರಿ ಬಿಟ್ಟೆ.

ಈಗ ಸ್ಕ್ಯಾನ್‌ಎಫ್, ಎಫ್‌ಗೆಟ್ಸ್ ಎರಡನ್ನೂ ಬೆರೆಸುವುದಿಲ್ಲ. ಪ್ರತಿ ಉತ್ತರವನ್ನೂ ಎಫ್‌ಗೆಟ್ಸ್‌ನಿಂದ ಪೂರ್ತಿ ಸಾಲಾಗಿ ಓದಿ, ಆಮೇಲೆ ಸ್ಟ್ರ್‌ಟೋಲ್ ಎಂಬ ಫಂಕ್ಷನ್‌ನಿಂದ ಅದರೊಳಗಿನ ಸಂಖ್ಯೆ ತೆಗೆಯುತ್ತೇನೆ. ಸಂಖ್ಯೆ ಎಲ್ಲಿ ಮುಗಿಯಿತೆಂದು ಅದು ತೋರಿಸುವುದರಿಂದ ‘9ಎ’ ಎಂದು ಟೈಪಾದರೂ ಹಿಡಿಯಬಹುದು. ಸ್ಕ್ಯಾನ್‌ಎಫ್‌ಗೆ ಸಂಖ್ಯೆಯ ಜಾಗದಲ್ಲಿ ಅಕ್ಷರ ಸಿಕ್ಕರೆ ಅದನ್ನು ಮುಟ್ಟುವುದೇ ಇಲ್ಲ. ಮತ್ತೆ ಮತ್ತೆ ಕೇಳುವ ಲೂಪ್ ಒಳಗಿದ್ದರೆ ಅದೇ ಪ್ರಶ್ನೆ ಕೊನೆಯಿಲ್ಲದೆ ಪರದೆ ತುಂಬುತ್ತದೆ.

ಇಷ್ಟಾದರೂ ಒಂದು ತೂತು ಉಳಿದಿತ್ತು. ಯಾರೋ ಆ ಪ್ರೋಗ್ರಾಂ ಅನ್ನು ರಾತ್ರಿಯ ಕ್ರಾನ್‌ಗೆ (ನಿಗದಿತ ಹೊತ್ತಿಗೆ ಕೆಲಸಗಳನ್ನು ತಾನೇ ನಡೆಸುವ ವ್ಯವಸ್ಥೆಗೆ) ಹಾಕಿದರು. ಅಲ್ಲಿ ಕೀಬೋರ್ಡ್ ಎಲ್ಲಿದೆ? ಓದಲು ಹೋದ ಕೂಡಲೇ ಇಒಎಫ್, ಅಂದರೆ ಇನ್ನು ಓದಲು ಏನೂ ಇಲ್ಲ. ಆಗ ಎಫ್‌ಗೆಟ್ಸ್ ಕೊಡುವುದು ನಲ್, ‘ಏನೂ ಸಿಗಲಿಲ್ಲ’ ಎಂಬ ಗುರುತು. ನಾನು ಅದನ್ನು ತಪ್ಪು ಉತ್ತರವೆಂದು ಎಣಿಸಿ ಮತ್ತೆ ಮತ್ತೆ ಕೇಳಿಸಿದ್ದೆ. ಬೆಳಗಾಗುವಷ್ಟರಲ್ಲಿ ಲಾಗ್ ಫೈಲ್ ಡಿಸ್ಕನ್ನು ತುಂಬಿಬಿಟ್ಟಿತ್ತು. ಟರ್ಮಿನಲ್‌ನಲ್ಲಿ ಇದೇ ಇಒಎಫ್ ಕೊಡುವ ಕಂಟ್ರೋಲ್-ಡಿ ಒತ್ತಿ ಒಮ್ಮೆ ಪರೀಕ್ಷಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು.

ಈಗ ನಲ್ ಬಂದರೆ ಪ್ರೋಗ್ರಾಂ ಏನನ್ನೂ ಅಳಿಸದೆ, ಕೆಲಸ ಆಗಲಿಲ್ಲವೆಂದು ತಿಳಿಸುವ, ಸೊನ್ನೆಯಲ್ಲದ ಕೋಡ್ ಕೊಟ್ಟು ಹೊರಬರುತ್ತದೆ. ಖಾಲಿ ಎಂಟರ್ ಎಂದರೆ ‘ಬೇಡ’. ಅಳಿಸಲೇಬೇಕೆಂದರೆ ‘ಹೌದು’ ಎಂದು ಪೂರ್ತಿ ಟೈಪ್ ಮಾಡಬೇಕು.