ಅಪ್ಪ ಊಟಕ್ಕೆ ಬಂದ ರಾತ್ರಿ

ಅಪ್ಪ ತೀರಿಕೊಂಡಾಗ ನಾನು ಡಬ್ಲಿನ್‌ನಲ್ಲಿದ್ದೆ. ಟಿಕೆಟ್ ಸಿಕ್ಕಿ ಮಂಡ್ಯ ಕಡೆಯ ನಮ್ಮೂರು ಸೇರುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಒಂದು ಹಿಡಿ ಮಣ್ಣು ಹಾಕುವ ಭಾಗ್ಯವೂ ನನಗೆ ಸಿಗಲಿಲ್ಲ. ತಿಥಿ ಮುಗಿಸಿ ವಾಪಸ್ ಬಂದೆ, ಕೆಲಸಕ್ಕೆ ಹೋದೆ. ಎಂಟು ತಿಂಗಳಾದರೂ ಅಳು ಮಾತ್ರ ಬರಲಿಲ್ಲ.

ಆಫೀಸಿನ ಗೆಳತಿಯೊಬ್ಬಳು ಪೇಗನ್. ಕ್ರೈಸ್ತ ಧರ್ಮ ಬರುವ ಮುಂಚೆ ಐರ್ಲೆಂಡಿನಲ್ಲಿ ಇದ್ದ ದೇವತೆಗಳನ್ನು, ಬೆಂಕಿ, ನೀರು, ಮರಗಳನ್ನು ನಂಬಿ ನಡೆಯುವವಳು. ಅಕ್ಟೋಬರ್ 31ಕ್ಕೆ ಅವಳು ಕೇಳಿದಳು, "ಇವತ್ತು ಸೌವಿನ್. ನಮ್ಮ ಹಿರಿಯರು ಬರುವ ರಾತ್ರಿ. ಬರ್ತೀಯಾ?" ಹಿರಿಯರು ಅನ್ನುವ ಮಾತು ಕೇಳಿದ ಮೇಲೆ ಇಲ್ಲ ಅನ್ನಲು ಆಗಲಿಲ್ಲ.

ಮೀತ್ ಜಿಲ್ಲೆಯ ಅತ್‌ಬಾಯ್ ಊರಿನ ಪಕ್ಕ ಒಂದು ಗುಡ್ಡವಿದೆ. ಹಿಲ್ ಆಫ್ ವಾರ್ಡ್ ಅಂತಾರೆ, ಹಳೆಯ ಹೆಸರು ಟ್ಲಾಖ್ಟ. ಐರ್ಲೆಂಡಿನ ಹಳೆಯ ರಾಜರ ಗದ್ದುಗೆಯಾಗಿದ್ದ ತಾರಾ ಬೆಟ್ಟ ಅಲ್ಲಿಂದ ದೂರವಿಲ್ಲ. ಸೌವಿನ್ ರಾತ್ರಿ ದೇಶದ ಒಲೆಗಳೆಲ್ಲ ಆರಿಸಿ, ಈ ಗುಡ್ಡದ ಬೆಂಕಿಯಿಂದಲೇ ಮತ್ತೆ ಹೊತ್ತಿಸುತ್ತಿದ್ದರು ಎಂದು 17ನೇ ಶತಮಾನದ ಇತಿಹಾಸಕಾರ ಕೀಟಿಂಗ್ ಬರೆದಿದ್ದಾನೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಹೆಸರಿನ ಕಥೆ. ಟ್ಲಾಖ್ಟ ಒಬ್ಬ ಮಂತ್ರಗಾರನ ಮಗಳು. ಈ ಗುಡ್ಡದ ಮೇಲೆ ಮೂರು ಗಂಡುಮಕ್ಕಳನ್ನು ಹೆತ್ತು ಸತ್ತಳಂತೆ. ಬಾಣಂತಿ ಸತ್ತ ಜಾಗದಲ್ಲಿ ಒಂದು ಸೀಮೆಯ ಒಲೆಗೆ ಬೆಂಕಿ ಹುಟ್ಟುತ್ತಿತ್ತು, ನೋಡಿ. ನಮ್ಮ ಕಡೆ ಮಾಸ್ತಿ ಗುಡಿಗಳ ಮುಂದೆ ನಿಂತಾಗ ಆಗುವ ಹಾಗೇ ಮೈ ಜುಮ್ಮೆಂದಿತು.

ಪಂಜು ಹಿಡಿದು ಹತ್ತಿದೆವು. ಕಾಲಡಿಯ ಹುಲ್ಲು ಒದ್ದೆ, ಗಾಳಿ ಕಿವಿ ಕೊಯ್ಯುತ್ತಿತ್ತು. ಮೇಲೆ ಬೆಂಕಿಯ ಸುತ್ತ ನಿಂತು, ಆ ವರ್ಷ ಹೋದವರ ಹೆಸರನ್ನು ಒಬ್ಬೊಬ್ಬರಾಗಿ ಗಟ್ಟಿಯಾಗಿ ಹೇಳಿದರು. ಯಾರೂ ಸಮಾಧಾನ ಹೇಳಲಿಲ್ಲ. "ಒಳ್ಳೆಯ ಜಾಗಕ್ಕೆ ಹೋಗಿದ್ದಾರೆ, ಬಿಡಿ" ಅನ್ನಲಿಲ್ಲ. ಪೇಗನ್ನರಲ್ಲಿ ಮರುಹುಟ್ಟು ನಂಬುವವರಿದ್ದಾರೆ, ಬೇಸಿಗೆನಾಡು ಎಂಬ ಪರಲೋಕ ನಂಬುವವರಿದ್ದಾರೆ, ಮಣ್ಣಿಗೆ ಮಣ್ಣಾಗುವುದೇ ಸಾಕು ಅನ್ನುವವರೂ ಇದ್ದಾರೆ. ಅಲ್ಲಿ ಆ ಮಾತೇ ಬರಲಿಲ್ಲ. ಹೆಸರು ಹೇಳುವುದು, ಕೇಳುವುದು, ಅಷ್ಟೇ. ನನ್ನ ಸರದಿ ಬಂದಾಗ ಹೆಸರು ಹೇಳಲು ಬಾಯಿ ಬರಲಿಲ್ಲ. ಅಪ್ಪನನ್ನು ಯಾವತ್ತಾದರೂ ಹೆಸರು ಹಿಡಿದು ಕರೆದಿದ್ದೇವಾ? "ಅಪ್ಪ" ಅಂದೆ. ಸುತ್ತ ನಿಂತವರೂ ತೊದಲುತ್ತಾ "ಅಪ್ಪ" ಅಂದರು.

ಕಾರಿನಲ್ಲಿ ಬರುವಾಗ ಗೆಳತಿ ಮೌನದ ಊಟದ ಬಗ್ಗೆ ಹೇಳಿದಳು. ಸತ್ತವರಿಗೂ ಒಂದು ತಟ್ಟೆ ಇಟ್ಟು, ಮೊದಲು ಅವರಿಗೆ ಬಡಿಸಿ, ಯಾರೂ ಮಾತಾಡದೆ ಉಣ್ಣುವುದು. ಕೇಳುತ್ತಾ ನನಗೆ ನಮ್ಮ ಹಿರಿಯರ ಹಬ್ಬ ಕಣ್ಣ ಮುಂದೆ ಬಂತು. ಮಹಾಲಯ ಅಮಾವಾಸ್ಯೆಗೆ ಅಪ್ಪ ಅಜ್ಜಿಗೆ ಎಡೆ ಇಡುತ್ತಿದ್ದರು. ಬಾಳೆ ಎಲೆ, ಮುದ್ದೆ, ಕೋಳಿ ಸಾರು, ವಡೆ, ಎಲೆಯಡಿಕೆ. ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರನ್ನೂ ಜಗುಲಿಗೆ ಕರೆದುಕೊಂಡು ಬರುತ್ತಿದ್ದರು. "ಸುಮ್ನೆ ಕೂತ್ಕೊಳ್ಳಿ. ಅಜ್ಜಿ ಉಣ್ಲಿ" ಅನ್ನುತ್ತಿದ್ದರು. ನಾನು ಬಾಗಿಲ ಸಂದಿಯಲ್ಲಿ ಇಣುಕಲು ಹೋಗಿ ಏಟು ತಿಂದಿದ್ದೇನೆ.

"ನಾಳೆ ನಮ್ಮನೆಯಲ್ಲಿ ಮಾಡೋಣ" ಅಂದೆ.

ಏಷ್ಯನ್ ಅಂಗಡಿಯಿಂದ ಫ್ರೀಜ್ ಮಾಡಿದ ಬಾಳೆ ಎಲೆ ತಂದೆ. ಬಿಸಿನೀರು ಹಾಕಿ ಬಿಡಿಸಿದರೂ ಅಂಚು ಹರಿದಿತ್ತು, ಹರಿದ ಕಡೆಯನ್ನು ಒಳಗೆ ಮಡಿಸಿದೆ. ಮುದ್ದೆ ಕಟ್ಟುವಾಗ ಕೈಗೆ ನೀರು ಮುಟ್ಟಿಸಿಕೊಂಡು ಹೊರಳಿಸುತ್ತಾ ಹೊರಳಿಸುತ್ತಾ, ಅಪ್ಪನಿಗೆ ಬೇಕಾದ ಗಾತ್ರಕ್ಕೆ ತಂದೆ. ಗಂಟಿಲ್ಲದ ಹಾಗೆ. ಗಂಟು ಸಿಕ್ಕರೆ ಅವರು ಏನೂ ಅನ್ನುತ್ತಿರಲಿಲ್ಲ, ಎಲೆಯ ಮೂಲೆಗೆ ಎತ್ತಿಡುತ್ತಿದ್ದರು. ಹೊಗೆ ಅಲಾರಂ ಕೂಗೀತೆಂದು ಧೂಪ ಹಾಕಲಿಲ್ಲ, ಒಂದೇ ಊದುಕಡ್ಡಿ ಹಚ್ಚಿದೆ. ಗೆಳತಿ ತನ್ನ ಅಜ್ಜಿಗೆಂದು ಒಣದ್ರಾಕ್ಷಿಯ ಬ್ರೆಡ್ಡು, ಒಂದು ಕಪ್ ಟೀ ಇಟ್ಟಳು. ಮೇಣದಬತ್ತಿ ಕಿಟಕಿಗೆ ಹೋಯಿತು. ಕೈ ಮುಗಿದೆ. ಅವಳೂ ಮುಗಿದಳು.

ಆಮೇಲೆ ಅವಳ ಕೈ ಹಿಡಿದು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಫ್ಲಾಟಿನ ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತೆವು. ಎದುರು ಮನೆಯ ವಯಸ್ಸಾದ ಹೆಂಗಸು ಚೀಲ ಹಿಡಿದು ಲಿಫ್ಟಿನಿಂದ ಬಂದರು. ಕೀ ಒಳಗೆ ಬಿಟ್ಟಿದ್ದೀರಾ, ಯಾರನ್ನಾದರೂ ಕರೆಯಲಾ, ಅಂತ ಕೇಳಿದರು.

ಮಾತಾಡಬಾರದು ಅಂತ ಗೊತ್ತಿತ್ತು. ಆದರೂ ಹೇಳಿದೆ. "ಇಲ್ಲ. ಒಳಗೆ ನಮ್ಮಪ್ಪ ಊಟ ಮಾಡ್ತಿದ್ದಾರೆ."

ಹೇಳಿದ್ದೇ ತಡ, ಎಂಟು ತಿಂಗಳ ಅಳು ಒಟ್ಟಿಗೆ ಬಂತು. ಅವರು ಮುಚ್ಚಿದ ಬಾಗಿಲು ನೋಡಿದರು, ಕಿರುಬೆಳಕು ಬರುತ್ತಿದ್ದ ಸಂದಿ ನೋಡಿದರು. ಏನೂ ಕೇಳಲಿಲ್ಲ. ಚೀಲ ಕೆಳಗಿಟ್ಟು ನಮ್ಮ ಪಕ್ಕದಲ್ಲೇ ನಿಂತರು.